ಬಡವರ ಮನೆಯ ದಮ್ಮು, ಉಳ್ಳವರ ಮನೆಯ ಇಸುಬು

ಪುಟ್ಟ ಮಕ್ಕಳ ಅಲರ್ಜಿಯ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಮನಸ್ಸಿಗೆ ತಟ್ಟಿತು. ಕೈಯಲ್ಲಿ ಕಾಸಿಲ್ಲದ ತಾಯಿ 'ನಮ್ಮ ಬಡತನದಿಂದ ಹೀಗಾಯಿತೇ' ಎಂದು ಕೇಳಿದ್ದಾರೆ. ಅನುಕೂಲವಿರುವ ತಾಯಿ 'ಅತಿಯಾಗಿ ಜೋಪಾನ ಮಾಡಿದ್ದೇ ತಪ್ಪಾಯಿತೇ' ಎಂದು ಕೇಳಿದ್ದಾರೆ. ಇಬ್ಬರೂ ತಪ್ಪನ್ನು ತಮ್ಮ ತಲೆಯ ಮೇಲೇ ಹೊತ್ತುಕೊಂಡಿದ್ದಾರೆ. ಆದ್ದರಿಂದ ಈ ಪತ್ರಗಳಿಗೆಲ್ಲ ಒಂದೇ ಸಲ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಪೀಣ್ಯದ ಹತ್ತಿರ ಒಂದೇ ರೂಮಿನ ಶೀಟಿನ ಮನೆ. ನಾಲ್ಕು ವರ್ಷದ ಮಗನಿಗೆ ನೆಗಡಿಯಾದರೆ ಸಾಕು, ಎದೆಯಲ್ಲಿ ಸುಯ್ ಸುಯ್ ಸದ್ದು, ರಾತ್ರಿಯೆಲ್ಲ ಕೆಮ್ಮು. ಡಾಕ್ಟರು ಅಲರ್ಜಿ ಅಂದರು. ಅಲರ್ಜಿ ದೊಡ್ಡವರ ಮನೆ ಮಕ್ಕಳಿಗೆ ಬರೋದು ಅಂತ ನಮ್ಮ ಅತ್ತೆ ಹೇಳುತ್ತಾರೆ. ಗಲೀಜಿನಿಂದ ಬಂತು ಅಂತ ಪಕ್ಕದ ಮನೆಯವರು. ಬೇರೆ ಮನೆಗೆ ಹೋಗುವ ಶಕ್ತಿ ನಮಗಿಲ್ಲ. ಮಗು ಹೀಗಾಗಿದ್ದು ನಮ್ಮ ಬಡತನದಿಂದಲಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಈ ಕಾಯಿಲೆ ನೀವು ಮಗನಿಗೆ ತಂದದ್ದಲ್ಲ. ಬೇರೆ ಮನೆ ಹಿಡಿಯಲು ಆಗದಿದ್ದರೂ ಅವನನ್ನು ಚೆನ್ನಾಗಿ ಇಟ್ಟುಕೊಳ್ಳಲು ಸಾಧ್ಯವಿದೆ.

ದೂಳು, ಪರಾಗ (ಹೂವಿನ ಪುಡಿ), ಜಿರಳೆಯ ಹೊಟ್ಟು ಬಹಳಷ್ಟು ಜನರಿಗೆ ಏನೂ ಮಾಡುವುದಿಲ್ಲ. ಕೆಲವರ ಮೈ ಮಾತ್ರ ಅವನ್ನು ವೈರಿಯೆಂದು ತಿಳಿದು ತಿರುಗಿಬೀಳುತ್ತದೆ. ಅದೇ ಅಲರ್ಜಿ. ಈ ಸ್ವಭಾವ ಬಹುಮಟ್ಟಿಗೆ ವಂಶದಲ್ಲೇ ಬರುತ್ತದೆ. ನಿಮ್ಮ ಅಥವಾ ನಿಮ್ಮ ಯಜಮಾನರ ಕಡೆ ಯಾರಿಗಾದರೂ ದಮ್ಮು, ಸದಾ ಸೀನು, ಇಸುಬು ಇದೆಯೇ ಎಂದು ವಿಚಾರಿಸಿ ನೋಡಿ. ಇದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ.

ನಿಮ್ಮ ಅತ್ತೆಯವರ ಮಾತಿಗೆ ಇನ್ನೂರು ವರ್ಷದ ಇತಿಹಾಸವಿದೆ. ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ 1819ರಲ್ಲಿ ಬೇಸಿಗೆಯಲ್ಲಿ ತಮಗೇ ಬರುತ್ತಿದ್ದ ಸೀನು, ಕಣ್ಣುರಿಗಳನ್ನು ವರ್ಣಿಸಿ ಬರೆದರು. ಅಂಥದೇ ರೋಗಿಗಳನ್ನು ಹುಡುಕಿಸಿದಾಗ ಮಧ್ಯಮ ಮತ್ತು ಮೇಲ್ವರ್ಗದಲ್ಲೇ ಸಿಕ್ಕರು, ಬಡವರಲ್ಲಿ ಕಾಣಲಿಲ್ಲ ಎಂದು 1828ರಲ್ಲಿ ದಾಖಲಿಸಿದರು. 'ಶ್ರೀಮಂತರ ಕಾಯಿಲೆ' ಎಂಬ ಮಾತು ಅಂದಿನಿಂದ ಉಳಿದುಕೊಂಡಿದೆ. ಆದರೆ ನಮ್ಮೂರಿನ ಲೆಕ್ಕ ಬೇರೆಯೇ ಹೇಳುತ್ತದೆ.

ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ 12 ಶಾಲೆಗಳ 6,550 ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ವಾಹನ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ನೂರಕ್ಕೆ 11 ಮಕ್ಕಳಿಗೆ ಅಸ್ತಮಾ (ಉಸಿರುನಾಳ ಊದಿಕೊಂಡು ಬಿಗಿಯುವ ಕಾಯಿಲೆ) ಇತ್ತು. ವಾಹನ ದಟ್ಟಣೆಯ ಕಡೆ ನೂರಕ್ಕೆ 19. ದಟ್ಟಣೆಯೂ ಇದ್ದು ಬಡ ಕುಟುಂಬಗಳ ಮಕ್ಕಳೇ ಹೆಚ್ಚಿದ್ದ ಶಾಲೆಗಳಲ್ಲಿ ನೂರಕ್ಕೆ 31. ಅದೇ ಅಧ್ಯಯನ ಮುಂದುವರಿದು ಹಳ್ಳಿಗಳಿಗೆ ಹೋದಾಗ ಸಿಕ್ಕಿದ್ದು ನೂರಕ್ಕೆ 6ಕ್ಕಿಂತ ಕಡಿಮೆ.

ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಿ. ಬಡತನ ಹಳ್ಳಿಯಲ್ಲೂ ಇದೆ. ಅಲ್ಲಿ ಇಷ್ಟು ಕಡಿಮೆಯಿದ್ದು ಪೇಟೆಯ ಬಡವರಲ್ಲಿ ಅಷ್ಟು ಹೆಚ್ಚಾಗಬೇಕಾದರೆ, ಮಗುವಿನ ಎದೆ ಕಟ್ಟಿಸುವುದು ಬರೀ ಬಡತನವಲ್ಲ. ಬಾಡಿಗೆ ಕಡಿಮೆ ಎಂದು ನೀವು ಹಿಡಿಯಬೇಕಾದ ಮನೆ ಎಲ್ಲಿದೆ, ಅಲ್ಲಿಯ ಗಾಳಿ ಹೇಗಿದೆ ಎಂಬುದರ ಪಾಲು ದೊಡ್ಡದು. ಲಾರಿ ಓಡುವ ರಸ್ತೆಯ ಪಕ್ಕದಲ್ಲಿ ಮನೆ ಕೊಟ್ಟ ಊರಿನ ತಪ್ಪನ್ನು ನೀವು ಹೊತ್ತುಕೊಳ್ಳಬೇಡಿ.

ರಸ್ತೆಯ ಹೊಗೆ ನಿಮ್ಮ ಕೈಯಲ್ಲಿಲ್ಲ, ನಿಜ. ಮನೆಯೊಳಗಿನ ಹೊಗೆ ನಿಮ್ಮ ಕೈಯಲ್ಲಿದೆ. ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟಾಗುತ್ತವೆ ಎಂದು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. ಕಿಟಕಿ ಮುಚ್ಚಿದ ಒಂದು ರೂಮಿನಲ್ಲಿ ಮಗು ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತದೆ. ಒಂದು ಸೊಳ್ಳೆ ಪರದೆ ವರ್ಷಗಟ್ಟಲೆ ಬಾಳುತ್ತದೆ. ದೇವರಿಗೆ ಊದುಬತ್ತಿಯ ಬದಲು ದೀಪ, ಹೂವು ಸಾಕು. ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಿದ್ದರೆ ಬಿಡುವಂತೆ ಹೇಳಿ. ಬಿಡುವವರೆಗೂ ಮನೆಯೊಳಗೆ ಸೇದುವುದು ಬೇಡ.

ಇನ್ನು ಜಿರಳೆ. ಅಮೆರಿಕದ ದೊಡ್ಡ ನಗರಗಳ ಬಡ ಬಡಾವಣೆಗಳಲ್ಲಿ ಅಸ್ತಮಾ ಇದ್ದ 476 ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಜಿರಳೆಯ ಅಲರ್ಜಿ ಇತ್ತು. ಆ ಅಲರ್ಜಿ ಇದ್ದು, ಮನೆಯಲ್ಲಿ ಜಿರಳೆಯೂ ಹೆಚ್ಚಿದ್ದ ಮಕ್ಕಳೇ ಹೆಚ್ಚಾಗಿ ಆಸ್ಪತ್ರೆ ಸೇರುತ್ತಿದ್ದರು. ನಿಮ್ಮದು ಗಲೀಜು ಮನೆ ಎಂದು ನಾನು ಹೇಳುತ್ತಿಲ್ಲ. ಒತ್ತೊತ್ತಾಗಿ ಕಟ್ಟಿದ ವಠಾರದಲ್ಲಿ ಎಷ್ಟು ತೊಳೆದರೂ ಪಕ್ಕದ ಮನೆಯಿಂದ ಜಿರಳೆ ಬರುತ್ತದೆ. ಮುಸುರೆ ಪಾತ್ರೆಯನ್ನು ಬೆಳಗಿನವರೆಗೆ ಇಡಬೇಡಿ. ಕಸದ ಡಬ್ಬಿಗೆ ಮುಚ್ಚಳ ಇರಲಿ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ. ಮಗು ಒಳಗಿರುವಾಗ ಸ್ಪ್ರೇ ಹೊಡೆಯಬೇಡಿ. ಹಾಸಿಗೆ, ದಿಂಬನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಹೊದಿಕೆಯನ್ನು ಬಿಸಿ ನೀರಿನಲ್ಲಿ ಒಗೆಯಿರಿ. ಹಾಸಿಗೆಯಲ್ಲಿ ಸೇರುವ ದೂಳು ನುಸಿ (ಕಣ್ಣಿಗೆ ಕಾಣದ ಸಣ್ಣ ಜೀವಿ) ಇದರಿಂದ ಕಡಿಮೆಯಾಗುತ್ತದೆ.

ನಿಮ್ಮ ಸಂಬಳದಲ್ಲಿ ಇಎಸ್‌ಐ ಹಣ ಮುರಿಯುತ್ತಾರಲ್ಲವೇ? ಚೀಟಿ ತೆಗೆದು ನೋಡಿ. ಮುರಿಯುತ್ತಿದ್ದರೆ ನಿಮ್ಮ ಮಗನ ಚಿಕಿತ್ಸೆ, ಔಷಧಿ ಇಎಸ್‌ಐ ಡಿಸ್ಪೆನ್ಸರಿಯಲ್ಲಿ, ಆಸ್ಪತ್ರೆಯಲ್ಲಿ ನಿಮಗೆ ಸಿಗಬೇಕಾದ ಹಕ್ಕು. ನೋಂದಣಿಯಲ್ಲಿ ಮಗನ ಹೆಸರು ಸೇರಿದೆಯೇ ಎಂದು ಕಂಪನಿಯ ಆಫೀಸಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ ಒಂದು ಒಳ್ಳೆಯ ಸುದ್ದಿ. ಅಮೆರಿಕದ ಟೂಸಾನ್ ಎಂಬ ಊರಿನಲ್ಲಿ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ವೈದ್ಯರು 1995ರಲ್ಲಿ ಬರೆದಂತೆ, ಮೂರು ವರ್ಷದೊಳಗೆ ಎದೆ ಸುಯ್‌ಗುಟ್ಟಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಆರು ವರ್ಷದ ಹೊತ್ತಿಗೆ ಅದು ನಿಂತಿತ್ತು. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆಂದು ಈಗಲೇ ಹೇಳಲಾಗದು. ಅಲ್ಲಿಯವರೆಗೆ ಉಬ್ಬಸ ಬಂದಾಗಲೆಲ್ಲ ಬರೀ ಕೆಮ್ಮಿನ ಸಿರಪ್ಪು ಕುಡಿಸಿ ಸುಮ್ಮನಿರದೆ ಒಬ್ಬರೇ ಡಾಕ್ಟರಿಗೆ ತೋರಿಸುತ್ತ ಬನ್ನಿ.

ಪ್ರಶ್ನೆ: ನಾವಿಬ್ಬರೂ ಐಟಿ ಉದ್ಯೋಗಿಗಳು. ಮನೆ, ಆಹಾರ ಎಲ್ಲದರಲ್ಲೂ ಶುಚಿತ್ವ ಪಾಲಿಸುತ್ತೇವೆ. ಎರಡು ವರ್ಷದ ಮಗಳಿಗೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಇಸುಬು. ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ ಸೇರಿ ಹಲವು ಆಹಾರ 'ಪಾಸಿಟಿವ್' ಬಂತು. ಎಲ್ಲ ನಿಲ್ಲಿಸಿದ್ದೇವೆ. ಮಗು ತೂಕ ಇಳಿಯುತ್ತಿದೆ, ಇಸುಬು ಹಾಗೇ ಇದೆ. ಮಣ್ಣಲ್ಲಿ ಆಡಲು ಬಿಡದ್ದಕ್ಕೇ ಹೀಗಾಯಿತು ಎಂದು ಅಜ್ಜಿ ಬೈಯುತ್ತಾರೆ.
– ತಾಯಿ, ವೈಟ್‌ಫೀಲ್ಡ್

ಉತ್ತರ: ಮಗುವಿಗೆ ಒಳ್ಳೆಯದಾಗಲೆಂದೇ ನೀವು ಇಷ್ಟೆಲ್ಲ ಮಾಡಿದ್ದೀರಿ. ಇಸುಬು ಬಂದದ್ದು ನಿಮ್ಮ ಜೋಪಾನದಿಂದಲ್ಲ. ಆದರೆ ಊಟದ ವಿಷಯದಲ್ಲಿ ಈಗ ಹಿಡಿದಿರುವ ದಾರಿಯನ್ನು ಬೇಗ ಬದಲಿಸಬೇಕು. ತೂಕ ಇಳಿಯುತ್ತಿದೆ ಎಂದು ಓದಿದಾಗ ನನಗೆ ಇಸುಬಿಗಿಂತ ಅದರ ಚಿಂತೆಯೇ ಹೆಚ್ಚಾಯಿತು.

ಆ ರಕ್ತ ಪರೀಕ್ಷೆ ತೋರಿಸುವುದು ಸಂವೇದನೆಯನ್ನು (ಮೈ ಆ ವಸ್ತುವನ್ನು ಗುರುತು ಹಿಡಿದಿದೆ ಎಂಬುದನ್ನು) ಮಾತ್ರ. ತಿಂದರೆ ತೊಂದರೆಯಾಗುತ್ತದೆ ಎಂದು ಅದು ಹೇಳುವುದಿಲ್ಲ. ನಮ್ಮ ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆದ ಯೂರೋಪ್ರಿವಾಲ್ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಜನರ ರಕ್ತದಲ್ಲಿ ಯಾವುದಾದರೂ ಆಹಾರಕ್ಕೆ ಸಂವೇದನೆ ಕಂಡಿತ್ತು. ಆಹಾರದ ಅಲರ್ಜಿ ಇರಬಹುದೆನಿಸಿದವರು ನೂರಕ್ಕೆ 1.2 ಮಾತ್ರ. ಚೀಟಿಯಲ್ಲಿ ಕೆಂಪು ಅಕ್ಷರದಲ್ಲಿ ಬಂದದ್ದನ್ನೆಲ್ಲ ತಟ್ಟೆಯಿಂದ ತೆಗೆಯುತ್ತ ಹೋದರೆ ಮಗು ಸುಮ್ಮನೆ ಸೊರಗುತ್ತದೆ. ಹಣವಿರುವ ಮನೆಗಳ ಮಕ್ಕಳಿಗೆ ಇಂಥ ಪರೀಕ್ಷೆ ಸುಲಭವಾಗಿ ಸಿಗುತ್ತದೆ, ಅದರ ಜೊತೆಗೇ ಬೇಡದ ಪಥ್ಯವೂ ಸಿಗುತ್ತದೆ. ಇದು ನನಗೆ ತುಂಬ ನೋವಿನ ವಿಷಯ.

ಈಗ ನೀವು ಮಾಡಬೇಕಾದದ್ದು ಇಷ್ಟು. ನಿಲ್ಲಿಸುವ ಮುಂಚೆ ಯಾವುದನ್ನು ತಿಂದಾಗ ಮಗುವಿಗೆ ಏನಾಗಿತ್ತು ಎಂದು ನೆನಪು ಮಾಡಿಕೊಂಡು ಬರೆಯಿರಿ. ತಿಂದ ಕೆಲವೇ ನಿಮಿಷಗಳಲ್ಲಿ ಅಥವಾ ಒಂದೆರಡು ಗಂಟೆಯೊಳಗೆ ಪಿತ್ತಗಂಧೆ ಎದ್ದಿತ್ತೇ, ತುಟಿ ಊದಿತ್ತೇ, ವಾಂತಿ ಅಥವಾ ಉಸಿರಿನ ತೊಂದರೆ ಆಗಿತ್ತೇ? ಆ ಪಟ್ಟಿ ಹಿಡಿದು ಮಕ್ಕಳ ಅಲರ್ಜಿ ತಜ್ಞರನ್ನು ಕಾಣಿ. ಬಹಳ ದಿನ ನಿಲ್ಲಿಸಿದ ಆಹಾರವನ್ನು ಮನೆಯಲ್ಲೇ ಒಮ್ಮೆಗೇ ಶುರು ಮಾಡಬೇಡಿ. ಇಸುಬಿರುವ ಮಕ್ಕಳಲ್ಲಿ ಹಾಗೆ ಮಾಡಿದಾಗ ಕೆಲವೊಮ್ಮೆ ಜೋರಾದ ಪ್ರತಿಕ್ರಿಯೆ ಬರುತ್ತದೆ. ತಜ್ಞರ ಕಣ್ಣೆದುರು ಒಂದೊಂದಾಗಿ ಮರಳಿ ಕೊಡುತ್ತ ಬರಬೇಕು.

ಕಡಲೆಕಾಯಿ, ಮೊಟ್ಟೆಗಳನ್ನು ತಡವಾಗಿ ಕೊಟ್ಟಷ್ಟೂ ಒಳ್ಳೆಯದೆಂದು ಹಿಂದೆ ನಾವು ವೈದ್ಯರೇ ಹೇಳುತ್ತಿದ್ದೆವು. 2015ರಲ್ಲಿ ಲಂಡನ್ನಿನ 'ಲೀಪ್' ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಮಕ್ಕಳಿಗೆ ವರ್ಷ ತುಂಬುವ ಮೊದಲೇ ಕಡಲೆಕಾಯಿ ತಿನ್ನಿಸಲು ಶುರು ಮಾಡಿದರು. ಐದು ವರ್ಷವಾದಾಗ, ತಿನ್ನದ ಮಕ್ಕಳಲ್ಲಿ ನೂರಕ್ಕೆ 17 ಮಂದಿಗೆ ಕಡಲೆಕಾಯಿ ಅಲರ್ಜಿ ಇತ್ತು, ತಿಂದವರಲ್ಲಿ ನೂರಕ್ಕೆ ಸುಮಾರು 3. ನಿಮ್ಮ ಎರಡನೆಯ ಮಗುವಿನ ವೇಳೆಗೆ ಇದು ನೆನಪಿರಲಿ. ಆದರೆ ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಬೇಕು.

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. 1989ರಲ್ಲಿ ಬ್ರಿಟನ್ನಿನ ಸಂಶೋಧಕ ಡೇವಿಡ್ ಸ್ಟ್ರಾಚನ್, 1958ರ ಮಾರ್ಚಿನ ಒಂದೇ ವಾರದಲ್ಲಿ ಹುಟ್ಟಿದ 17,000ಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ, ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಪರಾಗದ ಅಲರ್ಜಿ ಕಡಿಮೆ ಎಂದು ತೋರಿಸಿದರು. ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾದ ಮೇಲೆ ಅಲ್ಲಿನ ವೈದ್ಯೆ ಎರಿಕಾ ಫಾನ್ ಮುಟಿಯಸ್ ಎರಡೂ ಕಡೆಯ ಮಕ್ಕಳನ್ನು ಹೋಲಿಸಿದರು. ಕಲ್ಲಿದ್ದಲ ಹೊಗೆಯಲ್ಲಿ ಬೆಳೆದ ಬಡ ಪೂರ್ವದ ಮಕ್ಕಳಲ್ಲಿ ಕೆಮ್ಮು, ಕಫದ ಕಾಯಿಲೆ ಹೆಚ್ಚಿತ್ತು. ಅಲರ್ಜಿ ಹೆಚ್ಚಿದ್ದದ್ದು ಸಿರಿವಂತ ಪಶ್ಚಿಮದಲ್ಲಿ. ಇಸುಬು, ಆಹಾರದ ಅಲರ್ಜಿ ಉಳ್ಳವರ ಮನೆಗಳಲ್ಲಿ ಹೆಚ್ಚು ಕಾಣುವುದು, ಉಬ್ಬಸ ಉಲ್ಬಣಿಸಿ ಆಸ್ಪತ್ರೆ ಸೇರುವುದು ಬಡವರಲ್ಲಿ ಹೆಚ್ಚು ಕಾಣುವುದು ಅನೇಕ ದೇಶಗಳ ಅನುಭವ. ಮೇಲಿನ ಪೀಣ್ಯದ ತಾಯಿಯ ಪತ್ರವನ್ನೂ ನಿಮ್ಮ ಪತ್ರವನ್ನೂ ಪಕ್ಕಪಕ್ಕ ಇಟ್ಟದ್ದು ಅದಕ್ಕೇ.

ಹಾಗೆಂದು ಕೈ ತೊಳೆಯುವುದನ್ನು, ಲಸಿಕೆಯನ್ನು, ಕುದಿಸಿದ ನೀರನ್ನು ಬಿಡಬೇಡಿ. ರೋಗಾಣುವಿಗೂ ತೋಟದ ಮಣ್ಣಿಗೂ ವ್ಯತ್ಯಾಸವಿದೆ. ಮಗಳು ಬೇರೆ ಮಕ್ಕಳೊಡನೆ ಹೊರಗೆ ಆಡಲಿ, ಹಸು ಕರುವನ್ನು ಮುಟ್ಟಲಿ. ನೆಲವನ್ನು ದಿನಕ್ಕೆ ಮೂರು ಬಾರಿ ಫಿನಾಯಿಲಿನಲ್ಲಿ ಒರೆಸುವ ಅಗತ್ಯವಿಲ್ಲ.

ಇಸುಬಿಗೆ ಮುಖ್ಯ ಚಿಕಿತ್ಸೆ ಚರ್ಮವನ್ನು ಒಣಗಲು ಬಿಡದಿರುವುದು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ ದಪ್ಪನೆಯ ಮಾಯಿಶ್ಚರೈಸರ್ (ಚರ್ಮದ ತೇವ ಕಾಯುವ ಮುಲಾಮು) ಹಚ್ಚಿ. ಬಿಳಿ ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ, ಹಣ ಸುರಿಯಬೇಕಿಲ್ಲ. ಕಡಲೆಹಿಟ್ಟು ತಿಕ್ಕುವುದು ಬೇಡ. ಡಾಕ್ಟರು ಬರೆದ ಸ್ಟೀರಾಯ್ಡ್ ಮುಲಾಮನ್ನು (ಊತ ಇಳಿಸುವ ಔಷಧಿ) ಅವರು ಹೇಳಿದಷ್ಟು ದಿನ ಹೆದರದೆ ಹಚ್ಚಿ. ಮೆಡಿಕಲ್ ಶಾಪಿನವರು ತಾವಾಗಿ ಕೊಡುವ ಮುಲಾಮು ಮಾತ್ರ ಬೇಡ.

ಪ್ರಶ್ನೆ: ನಾನು ಆಟೋ ಓಡಿಸುತ್ತೇನೆ. ಆರು ವರ್ಷದ ಮಗಳಿಗೆ ಅಸ್ತಮಾ. ಡಾಕ್ಟರು ಎರಡು ಪಂಪು ಕೊಟ್ಟಿದ್ದಾರೆ. ಹಚ್ಚಿದರೆ ಆರಾಮಾಗ್ತಾಳೆ, ಆಮೇಲೆ ನಿಲ್ಲಿಸಿಬಿಡ್ತೀವಿ, ಮತ್ತೆ ಬರುತ್ತೆ. ಚಟವಾಗುತ್ತೆ ಅನ್ನೋ ಭಯ. ಹೆಣ್ಣುಮಗು ಬೇರೆ, 'ಪಂಪಿನ ಹುಡುಗಿ' ಅಂತ ಹೆಸರು ಬಂದರೆ ಮುಂದೆ ಯಾರು ಮದುವೆಯಾಗ್ತಾರೆ ಅಂತ ನಮ್ಮವ್ವ ಅಳುತ್ತಾಳೆ. ಪ್ರತಿ ತಿಂಗಳ ಖರ್ಚೂ ಭಾರ.
– ತಂದೆ, ದಾವಣಗೆರೆ

ಉತ್ತರ: ನಿಮ್ಮ ತಾಯಿಯವರ ಕಣ್ಣೀರನ್ನು ನಾನು ಹಗುರ ಮಾಡುವುದಿಲ್ಲ. ಹೆಣ್ಣುಮಗುವಿನ ಕಾಯಿಲೆಯನ್ನು ಊರು ಹೇಗೆ ಆಡಿಕೊಳ್ಳುತ್ತದೆಂದು ಅವರು ಬಲ್ಲರು. ಆದರೆ ಅವರಿಗೆ ಹೀಗೆ ತಿಳಿಸಿ ಹೇಳಿ: ಔಷಧಿ ಸರಿಯಾಗಿ ತೆಗೆದುಕೊಂಡ ಹುಡುಗಿ ಓಡುತ್ತಾಳೆ, ಶಾಲೆ ತಪ್ಪಿಸುವುದಿಲ್ಲ, ರಾತ್ರಿ ನಿದ್ದೆ ಮಾಡುತ್ತಾಳೆ. ನಿಲ್ಲಿಸಿದ ಹುಡುಗಿಯೇ ಹತ್ತು ಜನರ ಮುಂದೆ ಏದುಸಿರು ಬಿಡುವುದು.

ಇನ್ಹೇಲರ್ ಚಟ ಹಿಡಿಸುವುದಿಲ್ಲ. ಸಾಲ್ಬುಟಮಾಲ್ ಸಿರಪ್ಪು ಒಂದು ಚಮಚ (5 ಮಿ.ಲೀ.) ಕುಡಿಸಿದರೆ 2 ಮಿಲಿಗ್ರಾಂ ಔಷಧಿ ಮೈಗೆಲ್ಲ ಹೋಗುತ್ತದೆ. ಅದೇ ಔಷಧಿಯ ಪಂಪಿನ ಒಂದು ಒತ್ತಿನಲ್ಲಿ ಇರುವುದು ಅದರ ಇಪ್ಪತ್ತರಲ್ಲಿ ಒಂದು ಪಾಲು, ಅದೂ ನೇರ ಎದೆಗೆ. ಇದು ಉಸಿರು ಕಟ್ಟಿದಾಗ ಬಿಡಿಸುವ ಪಂಪು. ಇನ್ನೊಂದು, ಒಳಗಿನ ಊತವನ್ನು ನಿಧಾನವಾಗಿ ಇಳಿಸುವ ಪಂಪು. ಅದನ್ನು ಹಾಕಿದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಆದ್ದರಿಂದಲೇ ಎಲ್ಲರೂ ಅದನ್ನೇ ಮೊದಲು ಬಿಡುತ್ತಾರೆ. ಮಗಳು ಆರಾಮಾಗಿರುವಾಗಲೂ ದಿನಾ ಹಾಕಬೇಕಾದದ್ದು ಅದೇ. ಯಾವಾಗ ಕಡಿಮೆ ಮಾಡಬೇಕೆಂದು ಡಾಕ್ಟರು ತೀರ್ಮಾನಿಸಲಿ.

ಎತ್ತರ ಕುಗ್ಗುತ್ತದೆಂದು ಯಾರಾದರೂ ಹೆದರಿಸಬಹುದು. ವರ್ಷಗಟ್ಟಲೆ ಊತ ಇಳಿಸುವ ಪಂಪಿನ ಔಷಧಿ ತೆಗೆದುಕೊಂಡ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದ ಅಧ್ಯಯನದಲ್ಲಿ ಸುಮಾರು 1.2 ಸೆಂಟಿಮೀಟರ್ ವ್ಯತ್ಯಾಸ ಕಂಡಿದೆ. ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಉಸಿರು ಹಿಡಿತಕ್ಕೆ ಬರುವ ಲಾಭದ ಮುಂದೆ ಅದು ತೀರ ಚಿಕ್ಕದು.

ಖರ್ಚಿನ ಮಾತು. ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿಗಳ ಬೆಲೆ ಕಡಿಮೆ, ಅಲ್ಲಿ ವಿಚಾರಿಸಿ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲೂ ಕೇಳಿ. ಪಂಪನ್ನು ನೇರ ಬಾಯಿಗಿಟ್ಟು ಒತ್ತಿದರೆ ಹೆಚ್ಚಿನ ಔಷಧಿ ಗಂಟಲಲ್ಲೇ ಉಳಿದು ದುಡ್ಡು ದಂಡವಾಗುತ್ತದೆ. ಅದಕ್ಕೆ ಸ್ಪೇಸರ್ (ಔಷಧಿಯನ್ನು ಕ್ಷಣಕಾಲ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ) ಬೇಕೇ ಬೇಕು. ಕೊಳ್ಳಲಾಗದಿದ್ದರೆ ಎದೆಗುಂದಬೇಡಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೆದರ್ ಜಾರ್ ಎಂಬ ವೈದ್ಯೆ ಅರ್ಧ ಲೀಟರ್ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿಗೆ ಸರಿಹೊಂದುವ ತೂತು ಮಾಡಿ ಕೊಟ್ಟು ನೋಡಿದರು. ಐದು ವರ್ಷ ಮೇಲ್ಪಟ್ಟ ಮಕ್ಕಳಲ್ಲಿ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತೆಂದು 1999ರಲ್ಲಿ ಪ್ರಕಟಿಸಿದರು. ಥರ್ಮಾಕೋಲ್ ಲೋಟ ಕೆಲಸಕ್ಕೆ ಬರಲಿಲ್ಲ. ತೂತಿನ ಸುತ್ತ ಗಾಳಿ ಸೋರದಂತೆ ಅಂಟು ಹಾಕಿ, ಮಗಳು ಬಾಟಲಿಯ ಬಾಯಿಯಿಂದ ಉಸಿರೆಳೆಯಲಿ. ಒಂದು ಸಲಕ್ಕೆ ಒಂದೇ ಒತ್ತು, ಐದಾರು ಉಸಿರು. ನೀವು ಮಾಡಿದ್ದನ್ನು ಡಾಕ್ಟರಿಗೆ ಒಮ್ಮೆ ತೋರಿಸಿ. ಊತ ಇಳಿಸುವ ಪಂಪಿನ ನಂತರ ಬಾಯಿ ಮುಕ್ಕಳಿಸಬೇಕು.

ಪ್ರಶ್ನೆ: ನಮ್ಮದು ರೇಷ್ಮೆ ನೂಲು ಬಿಚ್ಚುವ ಕಸುಬು. ಮನೆಗೆ ಅಂಟಿಕೊಂಡೇ ಚರಕ, ಒಲೆ ಇವೆ. ಮೂರು ವರ್ಷದ ಮಗನಿಗೆ ಬೆಳಿಗ್ಗೆಯೆಲ್ಲ ಸೀನು, ಕಣ್ಣು ಕೆಂಪು. ಕಸುಬು ಬಿಡಬೇಕೇ?
– ರೀಲರ್ ಕುಟುಂಬ, ಶಿಡ್ಲಘಟ್ಟ

ಉತ್ತರ: ಕಸುಬು ಬಿಡಿ ಎಂದು ಯಾವ ಬಾಯಿಯಿಂದ ಹೇಳಲಿ! ಬಿಡಬೇಕಾಗಿಲ್ಲ. ಆದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ. ರೇಷ್ಮೆ ನೂಲು ತೆಗೆಯುವ ಕೆಲಸಗಾರರಲ್ಲಿ ಗೂಡು ಮತ್ತು ಹುಳದ ಅಂಶಗಳಿಂದ ಅಸ್ತಮಾ ಬರುವುದನ್ನು ನಮ್ಮ ಸಂಶೋಧಕರೇ 1985ರಷ್ಟು ಹಿಂದೆ ಗುರುತಿಸಿದ್ದಾರೆ. ಸೌದೆ ಒಲೆಯ ಹೊಗೆ ಅದಕ್ಕೆ ಸೇರಿಕೊಳ್ಳುತ್ತದೆ.

ಮಗು ಮಲಗುವ ಜಾಗ ಮತ್ತು ಗೂಡಿನ ಮೂಟೆ ಒಂದೇ ಕೋಣೆಯಲ್ಲಿ ಇರಬಾರದು. ನಡುವಿನ ಬಾಗಿಲು ಮುಚ್ಚಿರಲಿ, ಒಲೆಯ ಚಿಮಣಿ ಸೂರಿನ ಮೇಲಕ್ಕೆ ಹೋಗಲಿ. ಕೆಲಸ ಮುಗಿಸಿ ಸೀರೆ, ಅಂಗಿ ಬದಲಿಸಿ ಕೈಕಾಲು ತೊಳೆದು ಮಗುವನ್ನು ಎತ್ತಿಕೊಳ್ಳಿ. ಹಿತ್ತಲಲ್ಲಿ ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಇದ್ದರೆ ಹೂ ಬಿಡುವ ಮುಂಚೆ, ಕೈಗೆ ಬಟ್ಟೆ ಸುತ್ತಿಕೊಂಡು ಕಿತ್ತುಹಾಕಿ. ಸೀನಿಗೆ ಅದೂ ಕಾರಣವಾಗಿರಬಹುದು. ಒಂದು ತಿಂಗಳಲ್ಲಿ ಕಡಿಮೆಯಾಗದಿದ್ದರೆ, ಅಥವಾ ಎದೆ ಸುಯ್‌ಗುಟ್ಟಿದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಕೂಲಿಕಾರರ ಮಕ್ಕಳೇ ಹೆಚ್ಚು. ಒಂದು ಕೂಸಿಗೆ ದಮ್ಮು ಬಂದಾಗ ಅಜ್ಜಿ ಹೊಟ್ಟೆಗೆ ಬರೆ ಹಾಕಿಸಿದರು. ಇನ್ನೊಬ್ಬರು ಮೃಗಶಿರಾ ಮಳೆಗೆ ಹೈದರಾಬಾದಿನ ಮೀನಿನ ಔಷಧಿಗೆ ಹೋಗುತ್ತೇವೆಂದು ಪಂಪು ಬಿಟ್ಟಿದ್ದಾರೆ. ನಾನು ಹೇಗೆ ಹೇಳಲಿ? ಅಪಾಯ ಗುರುತಿಸುವುದು ಹೇಗೆ?
– ಸಿಂಧನೂರು ತಾಲೂಕು

ಉತ್ತರ: ನಿಮ್ಮಂಥವರು ಅಲ್ಲಿರುವುದೇ ಆ ಮಕ್ಕಳ ಪುಣ್ಯ. ಬರೆ ಹಾಕಿಸಿದ ಅಜ್ಜಿಯನ್ನು ಎಲ್ಲರೆದುರು ಗದರಿಸಬೇಡಿ. ಮೊಮ್ಮಗು ಉಸಿರಿಗೆ ಒದ್ದಾಡುವುದನ್ನು ನೋಡಲಾಗದೆ, ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದಿದ್ದಾರೆ. ಆಸ್ಪತ್ರೆ ದೂರ, ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಆದರೆ ಬರೆಯಿಂದ ಉಸಿರುನಾಳ ತೆರೆಯುವುದಿಲ್ಲ, ಸುಟ್ಟ ಗಾಯಕ್ಕೆ ನಂಜು ಏರುತ್ತದೆ. ಇದನ್ನು ಮನೆಗೆ ಹೋಗಿ, ಕೂತು, ಅಜ್ಜಿಗೇ ಹೇಳಿ. ಮುಂದಿನ ಸಲ ಹಾಗಾದರೆ ಮೊದಲು ನನ್ನನ್ನು ಕರೆಯಿರಿ ಎಂದು ಮಾತು ತೆಗೆದುಕೊಳ್ಳಿ.

ಮೀನಿನ ಔಷಧಿ ಗುಣ ಮಾಡುತ್ತದೆಂದು ಯಾವ ಪರೀಕ್ಷೆಯಲ್ಲೂ ಸಾಬೀತಾಗಿಲ್ಲ. ಜೀವಂತ ಮೀನನ್ನು ಉಸಿರಾಟದ ತೊಂದರೆಯಿರುವ ಪುಟ್ಟ ಮಗುವಿನ ಗಂಟಲಿಗೆ ಹಾಕಿಸುವುದು ನನಗೆ ಭಯ ತರುತ್ತದೆ. ಹೋಗಲೇಬೇಡಿ ಎಂದರೆ ಅವರು ನಿಮ್ಮ ಮಾತನ್ನೇ ಕೇಳುವುದು ಬಿಡಬಹುದು. ಆದ್ದರಿಂದ ಮೊದಲು ಪಂಪನ್ನು ಮತ್ತೆ ಶುರು ಮಾಡಿಸಿ, ಉಳಿದ ಮಾತು ಆಮೇಲೆ ಆಡಿ.

ಅಪಾಯದ ಗುರುತು: ಅಂಗಿ ಎತ್ತಿ ನೋಡಿ. ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವೆ, ಕುತ್ತಿಗೆಯ ಗುಳಿಯಲ್ಲಿ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ ತಡ ಮಾಡಬೇಡಿ. ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮಗು ಮಾತಾಡಲು, ಹಾಲು ಕುಡಿಯಲು ಆಗದಿದ್ದರೆ, ಮಂಕಾಗಿ ಜೋಲು ಬಿದ್ದರೆ, ನಾಲಿಗೆ ನೀಲಿಯಾದರೆ ಅಲ್ಲಿಂದಲೇ 108ಕ್ಕೆ ಕರೆ ಮಾಡಿ. ಸುಯ್ ಸದ್ದು ನಿಂತಿತೆಂದು ನೆಮ್ಮದಿಯಾಗಬೇಡಿ. ಗಾಳಿ ಆಡುವುದೇ ನಿಂತಾಗಲೂ ಸದ್ದು ನಿಲ್ಲುತ್ತದೆ. ಆಂಬುಲೆನ್ಸ್ ಬರುವವರೆಗೆ ಮಗುವನ್ನು ಮಲಗಿಸದೆ ಕೂರಿಸಿಕೊಳ್ಳಿ. ಮಗುವಿಗೆ ಡಾಕ್ಟರು ಬರೆದ ಉಸಿರು ಬಿಡಿಸುವ ಪಂಪು ಇದ್ದರೆ ಸ್ಪೇಸರ್ ಹಾಗೂ ಮಾಸ್ಕಿನ ಮೂಲಕ ಅವರು ಹೇಳಿದಷ್ಟು ಸಲ ಕೊಡುತ್ತಿರಿ. ಆ ಪಂಪು ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆದ ಡಬ್ಬಿಯೊಳಗೆ ಇರುವಂತೆ ತಾಯಿಗೆ ಈ ವಾರವೇ ಹೇಳಿಬಿಡಿ.